ತೊಂಬತ್ತೆಂಟೂವರೆ ಡಿಗ್ರಿ

ಕುರುಗೋಡಿನ ಶಾಲೆಯಲ್ಲಿ ಹದಿನೇಳು ವರ್ಷ ವಿಜ್ಞಾನ ಕಲಿಸಿದ ಗಿರಿಜಾಬಾಯಿ, ಕುದಿಯುವ ನೀರಿನಲ್ಲಿ ತಮ್ಮ ಕೈಯಾರೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದು ನಲವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಶಾಲೆ ಬಿಟ್ಟ ಮೇಲೆ, ಬಾಗಿಲು ಮುಂದೆ ಮಾಡಿಕೊಂಡು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಅವರು ಹುಟ್ಟಿದ್ದು, ಮದುವೆಯಾಗಿ ಬಂದದ್ದು, ಗಂಡನನ್ನು ಕಳೆದುಕೊಂಡದ್ದು ಎಲ್ಲವೂ ಬಳ್ಳಾರಿಯಲ್ಲೇ. ಕಚೇರಿಯ ಗುಮಾಸ್ತನಾಗಿದ್ದ ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೈದು. ಹಗಲೆಲ್ಲ ಹಪ್ಪಳ ಒತ್ತಿ, ಹೊತ್ತು ಇಳಿಯುತ್ತಲೇ ಕೈ ತೊಳೆದುಕೊಂಡು ಕೌಲ್ ಬಜಾರಿನ ಸೈಕಲ್ ಅಂಗಡಿಯೊಂದರ ಅಟ್ಟದ ಮೇಲೆ ನಡೆಯುತ್ತಿದ್ದ ಸಂಜೆ ಶಾಲೆಗೆ ಹೋಗುತ್ತಿದ್ದರು. ಅತ್ತೆ ವೆಂಕೂಬಾಯಿ ಬಂದವರಿಗೆಲ್ಲ ಒಂದೇ ಮಾತನ್ನು ಹೇಳುತ್ತಿದ್ದರು: "ಒಲಿ ಮುಂದ ಕೂತು ನೀರು ಕಾಸೋದು ಬಿಟ್ಟು, ನೀರು ಹೆಂಗ ಕಾಯ್ತದ ಅಂತ ಓದ್ಲಿಕ್ಕೆ ಹೋಗ್ಯಾಳ ನಮ್ಮ ಸೊಸಿ." ಪರೀಕ್ಷೆಯಲ್ಲಿ ಪಾಸಾಗುವುದೇ ಆ ಮಾತಿಗೆ ಉತ್ತರವೆಂದು ಗಿರಿಜಾಬಾಯಿ ಹಲ್ಲು ಕಚ್ಚಿ ಕುಳಿತರು.

ಸಂಜೆ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದವರು ಗವಿಸಿದ್ದಪ್ಪ ಎಂಬ ರೈಲ್ವೆ ಗುಮಾಸ್ತರು. ಒಳ್ಳೆಯ ಮನುಷ್ಯ, ಅದಕ್ಕಿಂತ ಒಳ್ಳೆಯ ಚಿತ್ರಕಾರ. ಊರಿನ ಹೈಸ್ಕೂಲುಗಳ ಪ್ರಯೋಗಾಲಯಗಳಿಗೆ ಸಂಜೆ ಐದಕ್ಕೆ ಬೀಗ ಬೀಳುತ್ತಿದ್ದುದರಿಂದ, ಅವರ ಪ್ರಯೋಗಗಳೆಲ್ಲ ಕರಿಹಲಗೆಯ ಮೇಲೆ ಬಳಪದಲ್ಲಿ ನಡೆಯುತ್ತಿದ್ದವು. ಬೀಕರ್ ಬರೆದು, ಅದರ ಕೆಳಗೆ ಸ್ಪಿರಿಟ್ ದೀಪ ಬರೆದು, ನೀರಿನಲ್ಲಿ ಸಣ್ಣ ಸಣ್ಣ ಗುಳ್ಳೆ ಚುಕ್ಕೆಯಿಟ್ಟು, ಪಕ್ಕದಲ್ಲಿ ನೂರು ಡಿಗ್ರಿ ಎಂದು ಬರೆದರೆ ನೀರು ಕುದಿದ ಹಾಗೆಯೇ. ಪ್ರಯೋಗದ ಪುಸ್ತಕ ತುಂಬುವುದಕ್ಕೂ ಅಲ್ಲಿ ಒಂದು ಪದ್ಧತಿಯಿತ್ತು. ಮೊದಲು ಉತ್ತರ ಬರೆದುಕೊಳ್ಳುವುದು, ಆಮೇಲೆ ಆ ಉತ್ತರ ಬರುವಂತೆ ಹಿಂದಿನಿಂದ ಅಳತೆಗಳನ್ನು ಹೊಂದಿಸುವುದು. ಹಪ್ಪಳ ಒತ್ತುವವರು, ಗ್ಯಾರೇಜಿನವರು, ಬಟ್ಟೆ ಅಂಗಡಿಯವರು ಎಲ್ಲರೂ ಹಾಗೆಯೇ ಬರೆದರು. ಅದು ಸುಳ್ಳೆಂದು ಯಾರಿಗೂ ಅನಿಸಲಿಲ್ಲ. ಹೊತ್ತು ಮುಳುಗಿದ ಮೇಲೆ ಕಲಿಯುವವರಿಗೆ ವಿಜ್ಞಾನವೆಂದರೆ ಅಷ್ಟೇ ಎಂದು ತಿಳಿದರು.

ಹೀಗೆ ಎಸ್ಸೆಸ್ಸೆಲ್ಸಿ ಆಯಿತು, ಶಿಕ್ಷಕರ ತರಬೇತಿಯಾಯಿತು. ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಕುರುಗೋಡಿನ ಖಾಸಗಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಐದರಿಂದ ಹತ್ತನೆಯ ತರಗತಿಯವರೆಗಿದ್ದ ಆ ಶಾಲೆಯಲ್ಲಿ ಏಳರವರೆಗಿನ ವಿಜ್ಞಾನ ಗಿರಿಜಾಬಾಯಿಯವರದು. ಎಂಟರಿಂದ ಮೇಲಿನದು ಬಿ.ಎಸ್‌ಸಿ. ಮಾಡಿದ ಪ್ರಾಣೇಶ ಮಾಸ್ತರರದು. ಪ್ರಾಣೇಶರು ಮಾತು ಬಂದಾಗ ನಗುತ್ತಲೇ "ನಮ್ಮ ಸಂಜಿ ಸಾಲಿ ಬಾಯಾರು" ಎನ್ನುತ್ತಿದ್ದರು. ಆ ನಗು ಗಿರಿಜಾಬಾಯಿಯವರಿಗೆ ಉಗುರಿನ ಸಂದಿಯ ಮುಳ್ಳಾಗಿತ್ತು. ಅವರು ಒಂದು ದಿನ ತಡವಾಗಿ ಬಂದವರಲ್ಲ, ಒಂದು ಪಾಠ ಬಿಟ್ಟವರಲ್ಲ, ಮಕ್ಕಳ ಮುಂದೆ ಒಮ್ಮೆಯೂ 'ಗೊತ್ತಿಲ್ಲ' ಎಂದವರಲ್ಲ. ಈ ಮೂರನೆಯದನ್ನು ಅವರು ತಮ್ಮ ದೊಡ್ಡ ಗುಣವೆಂದು ತಿಳಿದಿದ್ದರು.

ಎಂಬತ್ತೈದರ ಬೇಸಿಗೆಯಲ್ಲಿ ಶಾಲೆಯ ಅಧ್ಯಕ್ಷರಾದ ಹತ್ತಿ ಬಿಡಿಸುವ ಜಿನ್ನಿನ ಮಾಲೀಕ ಕೊಟ್ರಬಸಪ್ಪನವರು ಶಾಲೆಗೆ ಒಂದು ಕಂಪ್ಯೂಟರ್ ತರಿಸಿಕೊಟ್ಟರು. ಟೀವಿಗೆ ಜೋಡಿಸುವ, ಟೇಪಿನ ಕ್ಯಾಸೆಟ್ಟಿನಿಂದ ಪಾಠ ತುಂಬಿಕೊಳ್ಳುವ ಪುಟ್ಟ ಯಂತ್ರ. ಸುತ್ತಮುತ್ತಲ ಊರುಗಳಲ್ಲಿ ಅಂಥದ್ದನ್ನು ಕಣ್ಣಿಂದ ಕಂಡವರಿರಲಿಲ್ಲ. ಅದನ್ನು ನಡೆಸುವುದನ್ನು ಕಲಿಯಲು ಬಳ್ಳಾರಿಯಲ್ಲಿ ಮೂರು ವಾರ ತರಬೇತಿಗೆ ಯಾರಾದರೂ ಹೋಗಬೇಕಿತ್ತು. ಪ್ರಾಣೇಶರು ಮನೆಪಾಠದ ನೆವ ಹೇಳಿ ಜಾರಿಕೊಂಡರು. ಗಿರಿಜಾಬಾಯಿ ಹೋದರು, ತಮ್ಮ ಅರ್ಧ ವಯಸ್ಸಿನ ಹುಡುಗರ ನಡುವೆ ಮುಂದಿನ ಬೆಂಚಿನಲ್ಲಿ ಕುಳಿತು ಕಲಿತರು, ಸರ್ಟಿಫಿಕೇಟನ್ನು ಚೌಕಟ್ಟು ಹಾಕಿಸಿಕೊಂಡು ತಂದು ವಿಜ್ಞಾನದ ಕೋಣೆಯ ಗೋಡೆಗೆ ತೂಗುಹಾಕಿದರು. ಸಂಜಿ ಸಾಲಿ ಬಾಯಾರು ಅಂದಿನಿಂದ ಕಂಪ್ಯೂಟರ್ ಬಾಯಾರಾದರು.

ಕೆಂಪು ಧೂಳು ಬಾರದಂತೆ ಕೋಣೆಯ ಕಿಟಕಿಗೆ ದಪ್ಪ ಪರದೆ ಬಿತ್ತು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ, ಸಾಲಾಗಿ ಬಂದು ಕುಳಿತುಕೊಳ್ಳಬೇಕು. ಹತ್ತು ನಿಮಿಷ ಕ್ಯಾಸೆಟ್ಟು ಜೀರುಂಡೆಯಂತೆ ಕಿರ್ರೆಂದ ಮೇಲೆ ಟೀವಿಯ ಪರದೆಯಲ್ಲಿ ಚಿತ್ರ ಮೂಡುತ್ತಿತ್ತು. ಅದರಲ್ಲಿ ಗಿರಿಜಾಬಾಯಿಯವರ ಜೀವಕ್ಕೆ ಹತ್ತಿರವಾದ ಪಾಠವೊಂದಿತ್ತು. ಬೀಕರ್, ಅದರ ಕೆಳಗೆ ದೀಪ, ಪಕ್ಕದಲ್ಲಿ ಏರುತ್ತ ಹೋಗುವ ಅಂಕಿ. ತೊಂಬತ್ತೇಳು, ತೊಂಬತ್ತೆಂಟು, ತೊಂಬತ್ತೊಂಬತ್ತು. ನೂರಾದೊಡನೆ ಕುಂಯ್ ಎಂಬ ಸದ್ದು, ನೀರಿನ ತುಂಬ ಗುಳ್ಳೆ. ಇಪ್ಪತ್ತು ವರ್ಷದ ಹಿಂದೆ ಸೈಕಲ್ ಅಂಗಡಿಯ ಅಟ್ಟದ ಮೇಲೆ ಕಂಡ ಬಳಪದ ಚಿತ್ರವೇ ಎದ್ದು ಬಂದು ಅಲುಗಾಡುತ್ತಿರುವಂತೆ ಅವರಿಗೆ ಕಾಣುತ್ತಿತ್ತು. ನಾನು ಕಲಿತದ್ದು ಸರಿಯಾಗಿತ್ತು ಎಂದು ಯಂತ್ರವೇ ಸಾಕ್ಷಿ ನುಡಿಯುತ್ತಿರುವಾಗ ಇನ್ನು ಪ್ರಾಣೇಶರ ನಗು ಯಾವ ಲೆಕ್ಕ?

ಮೊದಲೆಲ್ಲ ಜವಾನ ಗಾಳೆಪ್ಪನ ನೆರವಿನಿಂದ ಪುಟ್ಟಪುಟ್ಟ ಪ್ರಯೋಗಗಳಾದರೂ ನಡೆಯುತ್ತಿದ್ದವು. ಒದ್ದೆ ಬಟ್ಟೆಯಲ್ಲಿ ಅಲಸಂದೆ ಮೊಳಕೆ ಬರಿಸುವುದು, ಮೇಣದಬತ್ತಿಯ ಮೇಲೆ ಗ್ಲಾಸು ಬೋರಲು ಹಾಕುವುದು. ಯಂತ್ರ ಬಂದ ಮೇಲೆ ಗಾಜಿನ ಸಾಮಾನಿನ ಕಪಾಟಿಗೆ ಬೀಗ ಬಿತ್ತು. ಒಡೆಯುವುದಿಲ್ಲ, ಚೆಲ್ಲುವುದಿಲ್ಲ, ಕೈ ಸುಡುವುದಿಲ್ಲ. ಮಕ್ಕಳ ಅಂಕ ಏರಿದ್ದು ನಿಜ. ಒಮ್ಮೆ ಕಂಡ ಚಿತ್ರವನ್ನು ಅವರು ಮರೆಯುತ್ತಿರಲಿಲ್ಲ. ಪ್ರಶ್ನೆ ಕೇಳಲು ಮೇಲೇಳುತ್ತಿದ್ದ ಕೈಗಳು ಕಡಿಮೆಯಾದದ್ದೂ ನಿಜ. ಗಿರಿಜಾಬಾಯಿ ಅದನ್ನು ಶಿಸ್ತು ಎಂದುಕೊಂಡರು.

ಎಂಬತ್ತಾರರ ಜನವರಿಯಲ್ಲಿ ಬಳ್ಳಾರಿಯಲ್ಲಿ ಶಾಲಾ ಮಕ್ಕಳ ವಿಜ್ಞಾನ ಪ್ರದರ್ಶನ. ಒಂದು ಮೇಜಿನ ಮೇಲೆ ಕಂಪ್ಯೂಟರಿನ ನೀರು ಕುದಿಯಲಿ, ಪಕ್ಕದ ಮೇಜಿನ ಮೇಲೆ ನಿಜವಾದ ನೀರು ಕುದಿಯಲಿ, ಎರಡೂ ಒಟ್ಟಿಗೆ ನೂರು ತೋರಿಸಲಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನಿಜವಾದ ನೀರಿನ ಮುಂದೆ ನಿಲ್ಲಲು ಗಿರಿಜಾಬಾಯಿ ಏಳನೆಯ ತರಗತಿಯ ಹುಲುಗಮ್ಮನನ್ನು ಆರಿಸಿದರು. ಅವಳ ತಂದೆ ಜಿನ್ನಿನಲ್ಲಿ ಹಮಾಲಿ, ತಾಯಿ ಎರ್ರಮ್ಮನದು ಬಸ್ ನಿಲ್ದಾಣದ ಬಳಿ ಚಹದಂಗಡಿ. ದಿನಾ ಮುಂಜಾನೆ ಒಲೆಯ ಮುಂದೆ ಕುಳಿತು ಬೆಳೆದ ಹುಡುಗಿ ಬೆಂಕಿಗೆ ಹೆದರುವವಳಲ್ಲ. ಕಣ್ಣು ಚುರುಕು, ಕೈ ನಡುಗುವುದಿಲ್ಲ.

ಗಾಳೆಪ್ಪ ಕಪಾಟಿನ ಬೀಗ ತೆಗೆದು, ಬೀಕರ್ ತೊಳೆದು, ಸ್ಪಿರಿಟ್ ದೀಪ ಹಚ್ಚಿದ. ಗಿರಿಜಾಬಾಯಿ ಎಂದಿನಂತೆ ತಮ್ಮ ಮೇಜಿನ ಬಳಿಯೇ ಕುಳಿತು, ಹುಲುಗಮ್ಮನಿಗೆ ಅಂಕಿ ಕೂಗಲು ಹೇಳಿದರು. ತೊಂಬತ್ತಾರಾಯಿತು, ತೊಂಬತ್ತೇಳಾಯಿತು. ನೀರು ಮರಳತೊಡಗಿತು. ಹುಲುಗಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಎಷ್ಟು?"

"ತೊಂಬತ್ತೆಂಟೂವರಿ ರೀ ಅಕ್ಕೋರ. ಅಲ್ಲೇ ನಿಂತೈತ್ರಿ."

ಸರಿಯಾಗಿ ನೋಡಲು ಹೇಳಿದರು. ಬಗ್ಗಿ, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು ನೋಡಲು ಹೇಳಿದರು. ಹುಡುಗಿ ಬಗ್ಗಿ ನೋಡಿ ಅದನ್ನೇ ಹೇಳಿದಳು. ಬೇರೆ ಥರ್ಮಾಮೀಟರ್ ಹಾಕಿಸಿದರು, ಅದೂ ಅಷ್ಟೇ. ಮೂರನೆಯದೂ ಅಷ್ಟೇ. ಎಲ್ಲವೂ ಹಳತಾಗಿ ಕೆಟ್ಟಿವೆ ಎಂದರು ಗಿರಿಜಾಬಾಯಿ. ಗಾಳೆಪ್ಪ ದೀಪದ ಬತ್ತಿಯನ್ನು ಸರಿಮಾಡುತ್ತ ತನ್ನಷ್ಟಕ್ಕೆ ಎಂಬಂತೆ, "ಕೆಟ್ಟಿದ್ರ ಮೂರೂ ಮೂರು ಥರ ಹೇಳಬೇಕಿತ್ತಲ್ರಿ ಬಾಯಾರ. ಇವು ಮಾತಾಡಿಕೊಂಡು ಬಂದಂಗ ಒಂದಾ ಹೇಳ್ತಾವ" ಎಂದ.

ಆ ಕ್ಷಣ ಗಿರಿಜಾಬಾಯಿಯವರ ಮನಸ್ಸಿನಲ್ಲಿ ಒಂದು ಅನುಮಾನ ತಲೆಯೆತ್ತಿದ್ದು ಸತ್ಯ. ಮುಂದೆ ತಮ್ಮನ್ನು ತಾವು ಎಷ್ಟು ಸಮರ್ಥಿಸಿಕೊಳ್ಳಲು ನೋಡಿದರೂ ಈ ಒಂದನ್ನು ಅವರು ಅಲ್ಲಗಳೆಯಲಾಗಲಿಲ್ಲ. ಎದ್ದು ನಾಲ್ಕು ಹೆಜ್ಜೆ ಇಟ್ಟು ಬೀಕರಿನ ಬಳಿ ಬಗ್ಗಿದ್ದರೆ ಸಾಕಿತ್ತು. ಗೋಡೆಯ ಆಚೆಗೇ ಇದ್ದ ಪ್ರಾಣೇಶರನ್ನು ಕೇಳಿದ್ದರೂ ಆಗುತ್ತಿತ್ತು. ಬಗ್ಗುವುದೂ ಕೇಳುವುದೂ ಅವರಿಂದ ಆಗಲಿಲ್ಲ. ಗುಳ್ಳೆ ಬಂದೊಡನೆ 'ನೂರು' ಎಂದುಬಿಡು, ಪ್ರದರ್ಶನದಲ್ಲಿ ಯಾರೂ ಅಷ್ಟು ಹತ್ತಿರ ಬರುವುದಿಲ್ಲ ಎಂದು ಹುಡುಗಿಗೆ ಹೇಳಿದರು.

ಹುಲುಗಮ್ಮ ತಲೆ ತಗ್ಗಿಸಿ, "ನೂರು ಬರ್ಲಿ ಅಂತೀನ್ರಿ. ಬರದಿದ್ರ ಹೆಂಗ ಅನ್ಲಿರಿ?" ಎಂದಳು. "ದಿನಾ ನೀರು ಕಾಸ್ತೀನ್ರಿ ನಾನು. ಇದು ಪೂರಾ ಕುದ್ದೈತ್ರಿ."

ಇಡೀ ತರಗತಿ ನೋಡುತ್ತಿತ್ತು. ಗಿರಿಜಾಬಾಯಿಯವರ ಬಾಯಿಂದ ಆ ಮಾತು ಬಂದದ್ದು ಆಗಲೇ.

"ಇದು ನಿಮ್ಮವ್ವನ ಚಾದಂಗಡಿ ನೀರಲ್ಲ. ವಿಜ್ಞಾನದ ನೀರು."

ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗಿಯ ಕಿವಿ ಕೆಂಪಾಯಿತು. ಕಣ್ಣಲ್ಲಿ ನೀರು ಬರಲಿಲ್ಲ. ಅವಳ ಪ್ರಯೋಗದ ಪುಸ್ತಕದಲ್ಲಿ ತೊಂಬತ್ತೆಂಟೂವರೆ ಎಂದಿದ್ದನ್ನು ಗಿರಿಜಾಬಾಯಿ ಕೆಂಪು ಶಾಯಿಯಲ್ಲಿ ಹೊಡೆದು 'ತಪ್ಪು' ಎಂದು ಬರೆದರು. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಇಪ್ಪತ್ತು ಸಲ ಬರೆದು ತರಲು ಹೇಳಿದರು. ಮರುದಿನ ಹುಡುಗಿ ಬರೆದು ತಂದಳು. ಇಪ್ಪತ್ತೂ ಸಾಲಿನಲ್ಲಿ ಒಂದೇ ಮಾತು: 'ಕಂಪ್ಯೂಟರಿನಲ್ಲಿ ನೀರು ನೂರು ಡಿಗ್ರಿಗೆ ಕುದಿಯುತ್ತದೆ.' ಗಿರಿಜಾಬಾಯಿ ಅದನ್ನು ಉದ್ಧಟತನವೆಂದು ತಿಳಿದು, ಅವಳನ್ನು ಪ್ರದರ್ಶನದಿಂದ ತೆಗೆದು, ಹೇಳಿದ್ದನ್ನು ಗಟ್ಟಿಯಾಗಿ ಹೇಳುವ ಜಂಬಮ್ಮನನ್ನು ಆ ಜಾಗಕ್ಕೆ ಹಾಕಿದರು.

ಬಳ್ಳಾರಿಯ ಪ್ರದರ್ಶನದಲ್ಲಿ ಕಂಪ್ಯೂಟರಿನ ಮುಂದೆ ಜನ ಮುಗಿಬಿದ್ದರು. ನಿಜವಾದ ನೀರಿನ ಕಡೆಗೆ ಯಾರೂ ತಿರುಗಿ ನೋಡಲಿಲ್ಲ, ಒಬ್ಬರ ಹೊರತು. ಕಾಲೇಜಿನ ಭೌತಶಾಸ್ತ್ರದ ಮೈಲಾರಲಿಂಗಪ್ಪನವರು ತೀರ್ಪುಗಾರರಾಗಿ ಬಂದಿದ್ದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಜಂಬಮ್ಮ ಗಂಟಲೆತ್ತಿ 'ನೂರು' ಎಂದಾಗ ಅವರು ಕನ್ನಡಕ ಹಣೆಗೇರಿಸಿ, ಮೊಳಕಾಲೂರಿ, ಬೀಕರಿನ ಮಟ್ಟಕ್ಕೆ ಬಗ್ಗಿದರು. ಅಷ್ಟು ವಯಸ್ಸಾದವರು ಮಕ್ಕಳ ಮೇಜಿನ ಮುಂದೆ ಮೊಳಕಾಲೂರಿದ್ದನ್ನು ಗಿರಿಜಾಬಾಯಿ ಕಂಡರು. ಆ ಬಗ್ಗಿದ ಬೆನ್ನನ್ನು ಕಂಡಾಗಲೇ ಅವರಿಗೆ ಎಲ್ಲವೂ ತಿಳಿದುಹೋಯಿತು.

ಮೈಲಾರಲಿಂಗಪ್ಪನವರು ಎದ್ದು, ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳದಂತೆ ಮಾತಾಡಿದರು. ಬಳ್ಳಾರಿ ಸೀಮೆ ಸಮುದ್ರದ ಮಟ್ಟಕ್ಕಿಂತ ಎಷ್ಟೋ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ನೀರಿನ ಮೇಲೆ ಗಾಳಿಯ ಭಾರ ಕಡಿಮೆ. ಭಾರ ಕಡಿಮೆಯಾದರೆ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ಇಲ್ಲಿನ ನೀರು ನೂರನ್ನು ಮುಟ್ಟುವುದೇ ಇಲ್ಲ ಎಂದು ವಿವರಿಸಿದರು. ಆಮೇಲೆ ಕೇಳಿದರು:

"ನಿಮ್ಮ ಮಕ್ಕಳೊಳಗ ಯಾರೂ ಇದನ್ನ ನೋಡಿ ಹೇಳ್ಲಿಲ್ಲೇನ್ರಿ ಬಾಯಾರ? ಅಂಥವರು ಇದ್ರ ನಾನು ಎರಡು ಮಾತು ಆಡಬೇಕಿತ್ತು."

"ಇಲ್ರಿ," ಎಂದರು ಗಿರಿಜಾಬಾಯಿ. "ಯಾರೂ ಹೇಳಿಲ್ಲ."

ಗೊತ್ತಿಲ್ಲದೆ ಮಾಡಿದ ತಪ್ಪಿಗೆ ಗೊತ್ತಿದ್ದೂ ಆಡಿದ ಸುಳ್ಳು ಸೇರಿತು. ಅಂದು ಸಂಜೆ ಕಂಪ್ಯೂಟರಿಗಾಗಿ ಶಾಲೆಗೆ ಎರಡನೆಯ ಬಹುಮಾನ ಬಂತು. ಕುರುಗೋಡಿನಲ್ಲಿ ಕೊಟ್ರಬಸಪ್ಪನವರು ಗಿರಿಜಾಬಾಯಿಯವರಿಗೆ ಶಾಲು ಹೊದಿಸಿದರು. ಸೆಕೆಯಿಲ್ಲದ ಆ ದಿನಗಳಲ್ಲೂ ಆ ಶಾಲು ಅವರ ಬೆನ್ನನ್ನು ಸುಟ್ಟಿತು. ಮಕ್ಕಳ ಸಾಲಿನಲ್ಲಿ ಹುಲುಗಮ್ಮನೂ ಕುಳಿತು ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದಳು.

ಮರುದಿನ ಶಾಲೆ ಬಿಟ್ಟ ಮೇಲೆ ಅವರು ವಿಜ್ಞಾನದ ಕೋಣೆಯ ಬಾಗಿಲು ಮುಂದೆ ಮಾಡಿ ತಾವೇ ದೀಪ ಹಚ್ಚಿದರು. ಹಪ್ಪಳದ ಹಿಟ್ಟಿಗೆಂದು, ಅತ್ತೆಯ ಸ್ನಾನಕ್ಕೆಂದು ಜೀವಮಾನವಿಡೀ ನೀರು ಕಾಸಿದ ಕೈ ಅದು. ಆದರೂ ಬೆಂಕಿಕಡ್ಡಿ ಎರಡು ಸಲ ಆರಿತು. ನೀರು ಮರಳಿತು. ಮೊಳಕಾಲೂರಿ ನೋಡಿದರು. ತೊಂಬತ್ತೆಂಟೂವರೆ. ವೆಂಕೂಬಾಯಿ ಬದುಕಿದ್ದಾಗ ಆಡುತ್ತಿದ್ದ ಮಾತು ಕಿವಿಗೆ ಬಂತು. ನೀರು ಹೇಗೆ ಕಾಯುತ್ತದೆ ಎಂದು ಓದಲು ಹೋದವಳು, ಕಾದ ನೀರನ್ನು ಒಮ್ಮೆಯೂ ನೋಡಿರಲಿಲ್ಲ. ಚಹದಂಗಡಿಯ ಒಲೆಯ ಮುಂದೆ ಕುಳಿತ ಹುಡುಗಿ ನೋಡಿದ್ದಳು.

ನಾಳೆ ತರಗತಿಯಲ್ಲಿ ಹೇಳುತ್ತೇನೆ ಎಂದುಕೊಂಡರು. ಆ ನಾಳೆ ಶಾಲೆಯ ಇನ್ಸ್‌ಪೆಕ್ಟರು ಬಂದರು. ಆಮೇಲೆ ಸಂಕ್ರಾಂತಿ ಬಂತು. ನೆವಗಳಿಗೇನು, ಹುಡುಕುವವರಿಗೆ ಹೆಜ್ಜೆಗೊಂದು ಸಿಗುತ್ತವೆ. ಹುಲುಗಮ್ಮ ತಪ್ಪದೆ ಶಾಲೆಗೆ ಬರುತ್ತಿದ್ದಳು, ಕೈಕಟ್ಟಿ ಪರದೆಯನ್ನು ನೋಡುತ್ತಿದ್ದಳು, ಏನನ್ನೂ ಕೇಳುತ್ತಿರಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ನೀರಿನ ಕುದಿಬಿಂದು ಎಷ್ಟು ಎಂಬ ಪ್ರಶ್ನೆಯಿತ್ತು. ಗಿರಿಜಾಬಾಯಿ ಅವಳ ಉತ್ತರಪತ್ರಿಕೆಯನ್ನು ಎಲ್ಲಕ್ಕಿಂತ ಕೊನೆಗೆ ತೆಗೆದರು. ಈ ಸಲ 'ಕಂಪ್ಯೂಟರಿನಲ್ಲಿ' ಎಂಬ ಮಾತು ಇರಲಿಲ್ಲ. 'ನೂರು ಡಿಗ್ರಿ' ಎಂದಷ್ಟೇ ಬರೆದಿದ್ದಳು. ಪೂರ್ತಿ ಅಂಕ ಕೊಡಬೇಕಾಯಿತು. ಕೊಟ್ಟು, ಪೆನ್ನು ಕೆಳಗಿಟ್ಟರು. ಕಂಡದ್ದನ್ನು ಕಾಣಲಿಲ್ಲ ಎನ್ನುವುದನ್ನು ಕೊನೆಗೂ ಆ ಹುಡುಗಿಗೆ ಕಲಿಸಿಬಿಟ್ಟಿದ್ದರು.

ಜೂನ್‌ನಲ್ಲಿ ಎರ್ರಮ್ಮ ಬಂದು ಮಗಳ ವರ್ಗಾವಣೆ ಪತ್ರ ಒಯ್ದಳೆಂದು ಗಾಳೆಪ್ಪ ಹೇಳಿದ. ತಂದೆಗೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಹುಡುಗಿ ಪ್ರಯೋಗದ ಪುಸ್ತಕವನ್ನು ಒಯ್ದಿರಲಿಲ್ಲ. ಅದು ಕಪಾಟಿನಲ್ಲೇ ಇತ್ತು.

ಮುಂದಿನ ಭಾನುವಾರ ಗಿರಿಜಾಬಾಯಿ ಆ ಪುಸ್ತಕವನ್ನೂ, ಬಳ್ಳಾರಿಯಿಂದ ತಂದ ಒಂದು ಹೊಸ ಥರ್ಮಾಮೀಟರನ್ನೂ ಚೀಲದಲ್ಲಿಟ್ಟುಕೊಂಡು ಸಿರಿಗೇರಿ ಮಾರ್ಗವಾಗಿ ಸಿರುಗುಪ್ಪಕ್ಕೆ ಹೋಗುವ ಬಸ್ಸು ಹತ್ತಿದರು. ಸಿರುಗುಪ್ಪದಲ್ಲಿ ಗಿರಣಿಯ ಹಿಂದಿನ ಸಾಲಿನ ಕೊನೆಯ ಮನೆ. ಹೊರಗೆ ಎರ್ರಮ್ಮ ಆಗಲೇ ಒಲೆ ಹೂಡಿ ಚಹ ಮಾರುತ್ತಿದ್ದಳು. ಬಂದವರನ್ನು ಕಂಡು ಎದ್ದು ನಿಂತಳು, ಚಾಪೆ ಹಾಸಿದಳು, ಚಹ ಬಸಿದಳು. ಆಮೇಲೆ ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು:

"ಚಾದಂಗಡಿ ನೀರ್ರಿ ಅಕ್ಕೋರ. ಕುಡೀತೀರೇನು?"

ಗಿರಿಜಾಬಾಯಿ ಎರಡೂ ಕೈ ಚಾಚಿ ಲೋಟ ತೆಗೆದುಕೊಂಡರು. ಹೊರಗಿನ ಚಹ ಕುಡಿದವರಲ್ಲ ಅವರು. ಅಂದು ತಳ ಕಾಣುವವರೆಗೂ ಕುಡಿದರು.

ಹುಲುಗಮ್ಮ ಬಾಗಿಲಲ್ಲಿ ನಿಂತಿದ್ದಳು. ಗಿರಿಜಾಬಾಯಿ ಪುಸ್ತಕ ತೆರೆದು, ಕೆಂಪು ಶಾಯಿಯ 'ತಪ್ಪು' ಎಂಬುದನ್ನು ಅವಳ ಕಣ್ಣೆದುರೇ ಹೊಡೆದುಹಾಕಿ, ಪಕ್ಕದಲ್ಲಿ 'ಸರಿ' ಎಂದು ಬರೆದು ಸಹಿ ಮಾಡಿದರು. ಗಾಳಿಯ ಭಾರದ ವಿಷಯ ಹೇಳಿದರು. ಬಳ್ಳಾರಿಯಲ್ಲಿ ತೀರ್ಪುಗಾರರು ಕೇಳಿದ್ದನ್ನೂ, ತಾವು ಕೊಟ್ಟ ಉತ್ತರವನ್ನೂ ಮುಚ್ಚಿಡದೆ ಹೇಳಿದರು. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಗಾಳಿಯ ಭಾರದ ಮಾತಿಗೆ ಮಾತ್ರ ಅವಳ ಮುಖ ಸ್ವಲ್ಪ ಅರಳಿತು.

"ಸಿರುಗುಪ್ಪ ಹೊಳಿ ದಂಡಿಗೈತ್ರಿ. ಕುರುಗೋಡಿಗಿಂತ ತಗ್ಗೇನ್ರಿ?"

"ತಗ್ಗು ಇರಬೇಕು."

"ಹಂಗಾರ ಇಲ್ಲಿ ಸ್ವಲ್ಪ ಜಾಸ್ತಿ ಬರಬೇಕ್ರಿ."

ಗಿರಿಜಾಬಾಯಿ ಥರ್ಮಾಮೀಟರನ್ನು ಮುಂದೆ ಹಿಡಿದರು. ಹುಡುಗಿಯ ಕೈ ಅರ್ಧ ಮುಂದೆ ಬಂದು ನಿಂತಿತು.

"ಸಾಲ್ಯಾಗ ಹೇಳೀರೇನ್ರಿ ಅಕ್ಕೋರ? ನಕ್ಕೋರ ಮುಂದ?"

ಇನ್ನೂ ಹೇಳಿಲ್ಲ ಎಂದರು.

"ಮೊದಲ ಹೇಳ್ರಿ. ಆಮ್ಯಾಲ ತಗೋತೀನಿ."

ಎರ್ರಮ್ಮ ಮಗಳನ್ನು ಗದರಿಸಲು ಬಾಯಿ ತೆರೆದಳು. ಗಿರಿಜಾಬಾಯಿ ಕೈಸನ್ನೆಯಿಂದ ತಡೆದು, ಥರ್ಮಾಮೀಟರನ್ನು ಚೀಲದೊಳಗಿಟ್ಟುಕೊಂಡು ಎದ್ದರು.

ಅಂದು ನಕ್ಕವರೆಲ್ಲ ಈಗ ಎಂಟನೆಯ ತರಗತಿಯಲ್ಲಿದ್ದರು; ಎಂಟನೆಯ ತರಗತಿ ಪ್ರಾಣೇಶರದು. ಸೋಮವಾರ ಎರಡನೆಯ ಗಂಟೆಗೆ ಗಿರಿಜಾಬಾಯಿ ಆ ಬಾಗಿಲಿಗೆ ಹೋಗಿ ನಿಂತು, ಐದು ನಿಮಿಷ ಕೊಡಿರೆಂದು ಬೇಡಿದರು. ಹದಿನೇಳು ವರ್ಷದಲ್ಲಿ ಪ್ರಾಣೇಶರಲ್ಲಿ ಅವರು ಏನನ್ನಾದರೂ ಬೇಡಿದ್ದು ಅದೇ ಮೊದಲು. ಪ್ರಾಣೇಶರು ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಬಳಿ ನಿಂತರು.

"ಹುಲುಗಮ್ಮ ಅವತ್ತು ನೋಡಿ ಹೇಳಿದಳು. ನಾನು ನೋಡದೆ ಹೇಳಿದೆ," ಎಂದರು ಗಿರಿಜಾಬಾಯಿ. "ಅವಳು ಹೇಳಿದ್ದು ಖರೆ. ಅವರವ್ವನ ಅಂಗಡಿ ಬಗ್ಗೆ ನಾನು ಆಡಿದ ಮಾತು ಆಡಬಾರದಿತ್ತು."

ಇನ್ನೂ ಹೇಳಬೇಕಾದದ್ದಿತ್ತು. ಅಂದು ಆ ಹುಡುಗಿಯನ್ನು ನೋಡಿ ನಕ್ಕವರಲ್ಲಿ ಒಬ್ಬರಾದರೂ ಈಗ ತಮ್ಮನ್ನು ನೋಡಿ ನಗಲಿ, ಋಣ ತೀರಲಿ ಎಂದು ಕಾಯುತ್ತ ನಿಂತರು. ಯಾರೂ ನಗಲಿಲ್ಲ. ಜಂಬಮ್ಮ ಎದ್ದು ನಿಂತು, ತಗ್ಗಿದ ದನಿಯಲ್ಲಿ, "ನಾನೂ ಆವತ್ತು ಬಳ್ಳಾರ್ಯಾಗ ತೊಂಬತ್ತೆಂಟೂವರಿ ನೋಡಿದ್ನಿರಿ. ನೀವು ಹೇಳ್ಕೊಟ್ಟಿದ್ರಿ ಅಂತ ನೂರು ಅಂದೆ" ಎಂದಳು.

ಗಿರಿಜಾಬಾಯಿ ಅವಳ ಮಾತಿಗೆ ತಲೆ ತಗ್ಗಿಸಿ ಹೊರಗೆ ಬಂದರು. ವಿಜ್ಞಾನದ ಕೋಣೆಯಲ್ಲಿ, ತೆರೆದಿಟ್ಟ ಕಪಾಟಿನ ಮುಂದೆ ಗಾಳೆಪ್ಪ ಗಾಜಿನ ಸಾಮಾನು ಒರೆಸುತ್ತ ಕುಳಿತಿದ್ದ. ಥರ್ಮಾಮೀಟರ್ ಇನ್ನೂ ಚೀಲದಲ್ಲೇ ಇತ್ತು. ಸಿರುಗುಪ್ಪಕ್ಕೆ ಹೋಗುವ ಭಾನುವಾರದ ಬಸ್ಸಿಗೆ ಇನ್ನೂ ಆರು ದಿನವಿತ್ತು.